ಅಪ್ಪನ ಟ್ರಂಕಿನಲ್ಲಿ ಮೂರು ಕಾಲದ ಕನ್ನಡ

ಪ್ರಶ್ನೆ: ನಮ್ಮ ತಂದೆಯವರಿಗೆ ಈಗ 78 ವರ್ಷ. ಐವತ್ತು ವರ್ಷದಿಂದ ಕತೆ, ಪ್ರಬಂಧ ಬರೆಯುತ್ತ ಬಂದವರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರ ಬರಹ ಮೂರು ಬಗೆಯಲ್ಲಿ ಸಿಕ್ಕಿದೆ. ಇಂಕ್ ಪೆನ್ನಿನಲ್ಲಿ ಬರೆದ ಫುಲ್‌ಸ್ಕೇಪ್ ಕಟ್ಟುಗಳು, ಕನ್ನಡ ಟೈಪ್‌ರೈಟರಿನ ಪ್ರತಿಗಳು, 2000ದ ಆಚೀಚೆ ಡಿಟಿಪಿ ಮಾಡಿಸಿದ ಫ್ಲಾಪಿ ಮತ್ತು ಸಿಡಿಗಳು. ಟೈಪ್‌ರೈಟರೂ ಮನೆಯಲ್ಲೇ ಇದೆ. ಸಿಡಿಯಲ್ಲಿನ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಏನೇನೋ ಗುರುತು ಬರುತ್ತವೆ. ಎಲ್ಲವನ್ನೂ ಒಂದು ಪುಸ್ತಕಕ್ಕೆ ತರಬೇಕು. ಎಲ್ಲಿಂದ ಶುರುಮಾಡಲಿ? ಟೈಪ್‌ರೈಟರ್ ರಿಪೇರಿ ಮಾಡಿಸಬಹುದೇ? ಅಪ್ಪ ಈಗಲೂ ಪೆನ್ನಿನಲ್ಲೇ ಬರೆಯುತ್ತಾರೆ, ಅವರಿಗೆ ಕಂಪ್ಯೂಟರ್ ಕಲಿಸಬೇಕೇ?
— ಮಲ್ಲೇಶ್ವರದ ಓದುಗರು

ಉತ್ತರ: ನಿಮ್ಮ ಫೈಲುಗಳು ಬಹುಮಟ್ಟಿಗೆ ಕೆಟ್ಟಿಲ್ಲ. ಈ ಮಾತನ್ನು ಮೊದಲೇ ಹೇಳಬೇಕು. ಆ ಗುರುತುಗಳನ್ನು ಕಂಡು ವೈರಸ್ ಬಡಿದಿದೆ ಎಂದುಕೊಂಡು ಸಿಡಿಯನ್ನೇ ಎಸೆದುಬಿಡುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ಒಳಗಿರುವುದು ಕನ್ನಡವೇ, ಬೇರೆ ಲೆಕ್ಕದಲ್ಲಿ ಬರೆದಿಟ್ಟ ಕನ್ನಡ.

ಕೆಲಸವನ್ನು ಬೇಗ ಹಾಳಾಗುವುದರಿಂದ ಶುರುಮಾಡಿ. ಅಂದರೆ ಮೊದಲು ಫ್ಲಾಪಿ, ಆಮೇಲೆ ಸಿಡಿ, ಕೊನೆಗೆ ಕಾಗದ. ಮೂರರಲ್ಲಿ ಅತಿ ಹಳೆಯದಾದ ಕಾಗದವೇ ಹೆಚ್ಚು ಕಾಲ ಬಾಳುತ್ತದೆ. ಫ್ಲಾಪಿಯ ಕಾಂತದ ಪದರಕ್ಕೆ ಬೂಸ್ಟು ಹಿಡಿದರೆ ಒಂದು ಮಳೆಗಾಲದಲ್ಲೇ ಅದರ ಕತೆ ಮುಗಿಯಬಹುದು. ಮೂರೂವರೆ ಇಂಚಿನ ಫ್ಲಾಪಿಯಾದರೆ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಸಾಕು. ಎಸ್.ಪಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಒಳಗೆ ಹಾಕುವ ಮೊದಲು ಫ್ಲಾಪಿಯ ಮೂಲೆಯ ಪುಟ್ಟ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ, ಕಿಂಡಿ ತೆರೆದುಕೊಳ್ಳುವಂತೆ ಮಾಡಿ. ಕಿಂಡಿ ತೆರೆದಿದ್ದರೆ ಅದರ ಮೇಲೆ ಏನೂ ಬರೆಯಲಾಗದು, ಓದಬಹುದು ಅಷ್ಟೆ. ಲೋಹದ ಮುಚ್ಚಳ ಸರಿಸಿ ನೋಡಿದಾಗ ತಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದನ್ನು ಡ್ರೈವಿಗೆ ಹಾಕಲೇಬೇಡಿ. ಬೂಸ್ಟು ಡ್ರೈವಿನ ತಲೆಗೆ ಅಂಟಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಒಂದು ಡ್ರೈವಿನಲ್ಲಿ ಓದದ ಸಿಡಿ ಇನ್ನೊಂದರಲ್ಲಿ ಓದುವುದುಂಟು, ಎರಡು ಮೂರು ಡ್ರೈವ್‌ಗಳಲ್ಲಿ ಹಾಕಿ ನೋಡದೆ ಕೈಬಿಡಬೇಡಿ. ಸಿಕ್ಕಿದ್ದನ್ನೆಲ್ಲ ಹೆಸರು ಬದಲಿಸದೆ ‘ಮೂಲ’ ಎಂಬ ಫೋಲ್ಡರಿಗೆ ಹಾಕಿ, ಅದನ್ನು ಬೇರೊಂದು ಡ್ರೈವಿಗೂ ನಕಲು ಮಾಡಿ. ‘ಮೂಲ’ದೊಳಗಿನ ಫೈಲನ್ನು ತೆರೆದು ಸೇವ್ ಮಾಡಬಾರದು. ಏನೇ ಪ್ರಯೋಗವಿದ್ದರೂ ನಕಲಿನ ಮೇಲೆ.

ಈಗ ಆ ಗುರುತುಗಳ ವಿಚಾರ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

‘ಕರ್ನಾಟಕ’ ಎಂದು ಕೈಯಲ್ಲಿ ಬರೆದು ನೋಡಿ. ಬಾಯಲ್ಲಿ ಮೊದಲು ‘ರ್’, ಆಮೇಲೆ ‘ನಾ’. ಕೈ ಮಾತ್ರ ಮೊದಲು ‘ನಾ’ ಬರೆದು, ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತದೆ. ಬಾಯಿಯ ಸರದಿ ಬೇರೆ, ಕೈಯ ಸರದಿ ಬೇರೆ. ಪೆನ್ನಿನ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ, ಓದುವವರು ಮನುಷ್ಯರೇ ಆಗಿದ್ದರು.

ಟೈಪ್‌ರೈಟರ್ ಬಂದಾಗ ಎದ್ದದ್ದು ಜಾಗದ ಸಮಸ್ಯೆ. ನಮ್ಮ 34 ವ್ಯಂಜನಗಳಿಗೆ ತಲೆಕಟ್ಟಿನಿಂದ ಔತ್ವದವರೆಗೆ 13 ರೂಪ ಎಂದು ಹಿಡಿದರೂ 442 ಆಯಿತು. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಚ್ಚುಕೂಟದವರು ಇದಕ್ಕಾಗಿ ನೂರಾರು ಮನೆಗಳ ಕೇಸಿನಲ್ಲಿ ಅಚ್ಚುಮೊಳೆ ಜೋಡಿಸಿಟ್ಟುಕೊಳ್ಳುತ್ತಿದ್ದರು. ಟೈಪ್‌ರೈಟರಿನಲ್ಲಿ ಇರುವುದು ಸುಮಾರು ನಲವತ್ತೈದು ಕೀಲಿ, ಶಿಫ್ಟ್ ಸೇರಿದರೆ ತೊಂಬತ್ತರ ಆಸುಪಾಸು ಗುರುತು. ಅಷ್ಟರಲ್ಲೇ ಎಲ್ಲವೂ ಮೂಡಬೇಕು. ಆದ್ದರಿಂದ ಅಕ್ಷರವನ್ನು ತುಂಡು ಮಾಡಿದರು. ಮೈ ಒಂದು ಕೀಲಿ, ತಲೆಕಟ್ಟು ಒಂದು ಕೀಲಿ, ಕೊಂಬು, ಇಳಿ, ಏತ್ವ, ಒತ್ತು ಎಲ್ಲ ಬೇರೆ ಬೇರೆ. ಕೆಲವು ಕೀಲಿಗಳು ‘ಡೆಡ್ ಕೀ’. ಒತ್ತಿದರೆ ಗುರುತು ಮೂಡುತ್ತದೆ, ಆದರೆ ಕ್ಯಾರೇಜ್ ಮುಂದೆ ಸರಿಯದೆ ಅಲ್ಲೇ ನಿಲ್ಲುತ್ತದೆ, ಮುಂದಿನ ತುಂಡು ಅದೇ ಜಾಗದಲ್ಲಿ ಬಂದು ಕೂರುತ್ತದೆ. ಇಂಥ ಕೀಲಿಮಣೆಯನ್ನು ರೂಪಿಸಿದವರೆಂದು ನಾವು ನೆನೆಯುವುದು ಕೆ. ಅನಂತಸುಬ್ಬರಾಯರನ್ನು. ಹತ್ತು ಬೆರಳಿಗೆ ನಿಲುಕುವ ಜಾಗದಲ್ಲಿ ಇಡೀ ಕಾಗುಣಿತವನ್ನು ಕೂರಿಸುವುದು ದೊಡ್ಡ ಬುದ್ಧಿವಂತಿಕೆಯ ಕೆಲಸ. 1963ರ ರಾಜಭಾಷಾ ಕಾಯಿದೆಯ ನಂತರ ಕಚೇರಿಗಳಲ್ಲಿ ಕನ್ನಡ ಕಡತ ಬೆಳೆಯಲು ಸಾಧ್ಯವಾಗಿದ್ದು ಇಂಥ ಯಂತ್ರಗಳಿಂದ. ಸಾಹಿತಿಗಳಲ್ಲಿ ಬಹುಪಾಲು ಜನ ಮಾತ್ರ ಪೆನ್ನು ಬಿಡಲಿಲ್ಲ. ಬರೆದದ್ದನ್ನು ಟೈಪಿಸ್ಟರ ಕೈಗೆ ಕೊಟ್ಟು ಪ್ರತಿ ಮಾಡಿಸುತ್ತಿದ್ದರು. ನಿಮ್ಮ ತಂದೆಯವರ ಪ್ರತಿಗಳೂ ಹಾಗೆ ಆಗಿರಬಹುದು. ಇದು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಡಿಟಿಪಿ ಬಂದಾಗ ಪರದೆ ಹೊಸದಾಯಿತು, ತುಂಡು ಹಳೆಯದೇ ಉಳಿಯಿತು. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ಅದರೊಳಗೆ ಇಂಗ್ಲಿಷ್ ಅಕ್ಷರವಿರುವ ಜಾಗದಲ್ಲೇ ಕನ್ನಡದ ತುಂಡುಗಳ ಚಿತ್ರ ಕೂರಿಸಿದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದ ಏಳು ತುಂಡು: ಕಕಾರದ ಮೈ, ತಲೆಕಟ್ಟು, ನಕಾರದ ಮೈ, ತಲೆಕಟ್ಟು, ನಕಾರದ ಒತ್ತು, ಡಕಾರದ ಮೈ, ತಲೆಕಟ್ಟು. ಕಂಪ್ಯೂಟರಿನ ಲೆಕ್ಕಕ್ಕೆ ಕಕಾರದ ಮೈ ಎಂದರೆ ಇಂಗ್ಲಿಷಿನ ದೊಡ್ಡ ‘ಪಿ’. ತಲೆಕಟ್ಟು ಎಂದರೆ ನೆತ್ತಿಯ ಮೇಲೆ ಓರೆಗೆರೆ ಇರುವ ‘ಎ’. ನಕಾರದ ಮೈ ಎಂದರೆ ಪೌಂಡ್ ಹಣದ ಗುರುತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಈ ಗುರುತುಗಳೇ ಕಾಣಬೇಕು, ನಿಮಗೆ ಕಂಡದ್ದೂ ಅವೇ. ನಿಮ್ಮ ಫೈಲಿನಲ್ಲಿ ಓರೆಗೆರೆಯ ‘ಎ’ ಹೆಜ್ಜೆ ಹೆಜ್ಜೆಗೂ ಸಿಕ್ಕರೆ ಅದು ನುಡಿ ಅಥವಾ ‘ಬರಹ’ ಎಂಬ ಇನ್ನೊಂದು ತಂತ್ರಾಂಶದ ಫಾಂಟ್ ಎಂದು ಧೈರ್ಯವಾಗಿ ಹೇಳಬಹುದು. ಕನ್ನಡದಲ್ಲಿ ತಲೆಕಟ್ಟಿಲ್ಲದೆ ಒಂದು ಸಾಲೂ ಸಾಗುವುದಿಲ್ಲವಲ್ಲ.

ಈಗಿನ ಕಂಪ್ಯೂಟರುಗಳು ಎಲ್ಲ ಭಾಷೆಗೂ ಬಳಸುವ ಸಂಕೇತಪದ್ಧತಿಯಾದ ಯುನಿಕೋಡ್ ಈ ತುಂಡುಗಳ ದಾರಿಯನ್ನೇ ಬಿಟ್ಟಿತು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳಿವೆ. ಅಲ್ಲಿ ಸೇರುವುದು ಅಕ್ಷರದ ಆಕಾರವಲ್ಲ, ಉಚ್ಚಾರದ ಸರದಿ. ‘ಕನ್ನಡ’ ಎಂದರೆ ಕ, ನ, ಹಲಂತದ ಗುರುತು, ನ, ಡ, ಒಟ್ಟು ಐದು. ಆಕಾರ ಜೋಡಿಸುವುದು ಫಾಂಟಿನ ಹೊಣೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದಮೇಲೆ ಸಾಮಾನ್ಯ ಕಂಪ್ಯೂಟರಿನಲ್ಲೂ ಇದು ಸಾಧ್ಯವಾಯಿತು. ಆದರೆ ಮುದ್ರಣದ ಸಾಫ್ಟ್‌ವೇರುಗಳು ಹಿಂದುಳಿದಿದ್ದರಿಂದ ಬೆಂಗಳೂರಿನ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟೇ ಬಹಳ ವರ್ಷ ನಡೆಯಿತು. ಹಾಗಾಗಿ 2010ರ ನಂತರದ ಫೈಲು ಎಂದ ಮಾತ್ರಕ್ಕೆ ಯುನಿಕೋಡ್ ಇರುತ್ತದೆಂದು ನಂಬಬೇಡಿ.

ಪರಿವರ್ತನೆ ಹೀಗೆ ಮಾಡಿ. ನಕಲು ಫೈಲನ್ನು ವರ್ಡ್ ಅಥವಾ ಲಿಬ್ರೆಆಫೀಸಿನಲ್ಲಿ ತೆರೆಯಿರಿ. ಪಠ್ಯದ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಕಾಣುತ್ತದೆ. ನುಡಿ, ಬಿಆರ್‌ಎಚ್ (ಅಂದರೆ ಬರಹ), ಶ್ರೀ (ಅಂದರೆ ಶ್ರೀಲಿಪಿ), ಆಕೃತಿ ಎಂಬ ಹೆಸರುಗಳೇ ನಿಮಗೆ ಸುಳಿವು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಇವೆರಡರ ಹಳೆಯ ಫಾಂಟ್‌ಗಳ ಸಂಕೇತ ಹೆಚ್ಚುಕಡಿಮೆ ಒಂದೇ. ಶ್ರೀಲಿಪಿಯ ಲೆಕ್ಕ ಬೇರೆ, ಅದಕ್ಕೆ ಬೇರೆ ಪರಿವರ್ತಕವೇ ಬೇಕು. ಫಾಂಟನ್ನು ಕಂಪ್ಯೂಟರಿಗೆ ಹಾಕಿಕೊಂಡು ಫೈಲು ಕನ್ನಡವಾಗಿ ಕಾಣುವಂತೆ ಮಾಡಿ. ಆ ಹಂತದಲ್ಲಿ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಮುಂದೆ ತಾಳೆ ನೋಡಲು ಇದೇ ಆಧಾರ. ಆಮೇಲೆ ನುಡಿ ಅಥವಾ ಬರಹ ತಂತ್ರಾಂಶದ ಜೊತೆಯಲ್ಲೇ ಬರುವ ಪರಿವರ್ತಕದಲ್ಲಿ ಯುನಿಕೋಡಿಗೆ ತನ್ನಿ. ಒಂದು ಕತೆಗೆ ಒಂದು ಫೈಲು ಎಂದು ಇಟ್ಟುಕೊಂಡರೆ ತಪ್ಪು ಹುಡುಕುವುದು ಸುಲಭ.

ಎಲ್ಲಿ ಎಡವುತ್ತದೆ? ಮೊದಲನೆಯದು ಅರ್ಕಾವೊತ್ತು. ಹಳೆಯ ಫೈಲಿನಲ್ಲಿ ಅದು ಕೈಬರಹದ ಸರದಿಯಲ್ಲಿ, ‘ನಾ’ ಆದಮೇಲೆ ಇದೆ. ಯುನಿಕೋಡಿನಲ್ಲಿ ‘ರ್’ ಮುಂದಕ್ಕೆ ಹೋಗಬೇಕು. ಪರಿವರ್ತಕ ಅದನ್ನು ಎತ್ತಿ ಮುಂದಿಡದಿದ್ದರೆ ‘ಕರ್ನಾಟಕ’ ‘ಕನಾರ್ಟಕ’ ಆಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ, ‘ಸೂರ್ಯ’ ‘ಸೂಯರ್’ ಆಗುತ್ತದೆ. ಜಾಲತಾಣಗಳಲ್ಲಿ ‘ಕನಾರ್ಟಕ’ವನ್ನು ನೀವೂ ಕಂಡಿರುತ್ತೀರಿ, ಅದರ ಮೂಲ ಇದು. ‘ಯರ್’, ‘ಮರ್’, ‘ವರ್’ ಎಂದು ಹುಡುಕಿ ಒಂದೊಂದನ್ನೇ ನೋಡಿ ತಿದ್ದಿ. ‘ಎಲ್ಲ ಬದಲಿಸು’ ಒತ್ತಬೇಡಿ. ‘ವರ್ಷ’, ‘ಮರ್ಮ’ದಂಥ ಸರಿಯಾದ ಪದಗಳೂ ಅದರೊಂದಿಗೆ ಹಾಳಾಗುತ್ತವೆ.

ಎರಡನೆಯದು ಸೊನ್ನೆ. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ಕಣ್ಣಿಗೆ ಒಂದೇ ಆಗಿರುವುದರಿಂದ ‘ಸಂಗೀತ’ದಲ್ಲಿ ಅಂಕಿ ಬಂದು ಕೂತಿರುತ್ತದೆ. ಓದುವಾಗ ಗೊತ್ತೇ ಆಗುವುದಿಲ್ಲ, ಹುಡುಕಿದರೆ ಪದ ಸಿಗುವುದಿಲ್ಲ, ಅಕಾರಾದಿ ಮಾಡಿದರೆ ಎಲ್ಲಿಗೋ ಹೋಗುತ್ತದೆ. ಸೊನ್ನೆ ಅಂಕಿಯನ್ನು ಹುಡುಕಿ, ಅಕ್ಷರಕ್ಕೆ ಅಂಟಿಕೊಂಡದ್ದನ್ನೆಲ್ಲ ಅನುಸ್ವಾರ ಮಾಡಿ. ಮೂರನೆಯದು ನಡುವೆ ಬಂದ ಇಂಗ್ಲಿಷ್ ಪದಗಳು. ಬರಿಯ ಪಠ್ಯ ತೆಗೆದುಕೊಳ್ಳುವ ಪರಿವರ್ತಕಕ್ಕೆ ಇಂಗ್ಲಿಷಿನ ‘ಪಿ’ ಯಾವುದು, ಕಕಾರದ ಮೈ ಯಾವುದು ಎಂದು ತಿಳಿಯದು, ಎರಡನ್ನೂ ಕನ್ನಡ ಮಾಡಿಬಿಡುತ್ತದೆ. ಪರಿವರ್ತನೆಗೆ ಮೊದಲು ಬೇರೆ ಫಾಂಟಿನಲ್ಲಿರುವ ಪದಗಳನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇನ್ನು ‘ಬ್ಯಾಂಕ್‌ನಲ್ಲಿ’ ಎಂಬಂಥ ಪದದಲ್ಲಿ ‘ಕ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ತಡೆಗುರುತು ಬೇಕು, ಇಲ್ಲದಿದ್ದರೆ ನಕಾರ ಒತ್ತಾಗಿ ಕೆಳಗಿಳಿಯುತ್ತದೆ.

ಸಿಡಿಯಲ್ಲಿ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನ ಫೈಲುಗಳೂ ಇರಬಹುದು. ಆ ತಂತ್ರಾಂಶದ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಈಗ ಅದು ಸಿಗದಿದ್ದರೂ ಲಿಬ್ರೆಆಫೀಸ್ ಡ್ರಾ ಆ ಫೈಲುಗಳನ್ನು ತೆರೆಯುತ್ತದೆ. ಪುಟದ ಅಂದ ಕೆಡಬಹುದು, ಪಠ್ಯ ಸಿಕ್ಕರೆ ಸಾಕು.

ಇನ್ನು ಕಾಗದ. ಟ್ರಂಕಿನಿಂದ ತೆಗೆದ ಕಟ್ಟಿನ ಕ್ರಮ ಕೆಡಿಸದೆ, ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಹಗುರವಾಗಿ ಅಂಕಿ ಹಾಕಿ. ಗುಂಡುಪಿನ್ನುಗಳನ್ನು ಎಳೆಯಬೇಡಿ, ತುಕ್ಕು ಹಿಡಿದದ್ದು ಕಾಗದವನ್ನೂ ಹರಿದುಕೊಂಡು ಬರುತ್ತದೆ. ಹಿಂಬದಿಯಿಂದ ತೆಳುವಾದ ಚಾಕುವಿನ ಮೊನೆಯಲ್ಲಿ ಸಡಿಲಿಸಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಶನ್ ಖಂಡಿತ ಬೇಡ. ಅಂಟು ಕಂದಾಗಿ ಅಕ್ಷರವನ್ನು ನುಂಗುತ್ತದೆ, ಬಿಸಿಯಲ್ಲಿ ಅಂಟಿಸಿದ ಲ್ಯಾಮಿನೇಶನ್ನನ್ನು ಆಮೇಲೆ ಬಿಡಿಸಲಾಗದು. ತೇವವಾಗಿರುವ ಹಾಳೆಯನ್ನು ಬಿಸಿಲಿಗೆ ಹಾಕಬೇಡಿ, ತೊಳೆದರೆ ಹೋಗುವ ಬಗೆಯ ನೀಲಿ ಇಂಕು ಬೆಳಕಿಗೂ ಮಾಸುತ್ತದೆ. ಫ್ಯಾನಿನ ಗಾಳಿಯಿರುವ ಕೋಣೆಯಲ್ಲಿ ಹತ್ತಿಬಟ್ಟೆಯ ಮೇಲೆ ಹರವಿದರೆ ಸಾಕು.

ಸ್ಕ್ಯಾನ್ ಮಾಡುವಾಗ ಒಂದು ವಿಷಯ ಹಲವರಿಗೆ ತಡವಾಗಿ ಗೊತ್ತಾಗುತ್ತದೆ. ಫುಲ್‌ಸ್ಕೇಪ್ ಹಾಳೆ ಎ4ಗಿಂತ ಉದ್ದ. ಎ4 ಗಾಜಿನ ಮೇಲೆ ಇಟ್ಟರೆ ಕೊನೆಯ ಒಂದೆರಡು ಸಾಲು ಹೊರಗೆ ಉಳಿಯುತ್ತದೆ. ಲೀಗಲ್ ಅಳತೆಯ ಸ್ಕ್ಯಾನರ್ ಇರುವಲ್ಲಿ ಮಾಡಿಸಿ. 300 ಡಿಪಿಐ ಸಾಕು, ಮಾಸಿದ ಇಂಕು ಅಥವಾ ಪೆನ್ಸಿಲ್ ಇದ್ದರೆ 400. ಕಪ್ಪುಬಿಳುಪು ಬೇಡ, ಬಣ್ಣದಲ್ಲೇ ಮಾಡಿ. ಕೆಂಪು ಇಂಕಿನ ತಿದ್ದುಪಡಿ ಮೊದಲ ಬರಹಕ್ಕಿಂತ ಆಮೇಲಿನದು ಎಂದು ತೋರಿಸುವುದು ಬಣ್ಣವೊಂದೇ. ಹಾಳೆಯ ಹಿಂಬದಿ ಖಾಲಿ ಎಂದುಕೊಂಡು ಬಿಡಬೇಡಿ. ಪತ್ರಿಕೆಗೆ ಕಳಿಸುವ ಪ್ರತಿಯನ್ನು ಒಂದೇ ಮಗ್ಗುಲಲ್ಲಿ ಬರೆಯುವ ರೂಢಿ ಇತ್ತು, ಏಕೆಂದರೆ ಮೊಳೆ ಜೋಡಿಸುವವರು ಹಾಳೆಗಳನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಉಳಿದ ಕರಡಿನಲ್ಲಿ ಮಾತ್ರ ಹಿಂದೆ ಸೇರ್ಪಡೆಗಳಿರುತ್ತವೆ.

ಕೈಬರಹವನ್ನು ಕಂಪ್ಯೂಟರ್ ತಾನೇ ಓದಿಕೊಡಲಿ ಎಂದು ಕಾಯಬೇಡಿ. ಅಚ್ಚಾದ ಕನ್ನಡವನ್ನು ಟೆಸರಾಕ್ಟ್, ಗೂಗಲ್ ಡ್ರೈವ್‌ಗಳು ಚೆನ್ನಾಗಿ ಓದುತ್ತವೆ. ಹಾಗಾಗಿ ಯಾವುದಾದರೂ ಕತೆ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಆ ಪುಟದಿಂದ ಪಠ್ಯ ತೆಗೆಯಿರಿ, ಅಲ್ಲೂ ‘ದ’ ‘ಧ’, ‘ಬ’ ‘ಭ’ ಅದಲುಬದಲಾದುದನ್ನು ನೋಡಿಕೊಳ್ಳಿ. ಟೈಪ್ ಮಾಡಿದ ಪ್ರತಿ ನಡುವಿನದು. ಆ ಯಂತ್ರದಲ್ಲಿ ಅಗಲವಾದ ಅಕ್ಷರಕ್ಕೂ ಸಣ್ಣ ಗುರುತಿಗೂ ಕ್ಯಾರೇಜ್ ಒಂದೇ ಅಳತೆ ಸರಿಯುವುದರಿಂದ ಮೈಗೂ ಕೊಂಬಿಗೂ ನಡುವೆ ಸಂದು ಬೀಳುತ್ತದೆ, ಓದುವ ತಂತ್ರಾಂಶ ಅದನ್ನು ಎರಡು ಅಕ್ಷರ ಎಂದುಕೊಳ್ಳುತ್ತದೆ. ಕೂತು ಕೈಯಲ್ಲೇ ಟೈಪ್ ಮಾಡುವುದು ಬೇಗ. ನಿಮಿಷಕ್ಕೆ 25 ಪದದಂತೆ 250 ಪದದ ಹಾಳೆಗೆ ಹತ್ತು ನಿಮಿಷ, ತಾಳೆ ನೋಡಲು ಇನ್ನು ಹತ್ತು. 300 ಹಾಳೆಗೆ 100 ಗಂಟೆ. ದಿನಕ್ಕೊಂದು ಗಂಟೆ ಕೊಟ್ಟರೆ ಮೂರೂವರೆ ತಿಂಗಳು. ಕಾರ್ಬನ್ ಪ್ರತಿ ಮತ್ತು ಮೇಲಿನ ಪ್ರತಿ ಎರಡೂ ಇದ್ದರೆ ಮೇಲಿನದನ್ನೇ ಹಿಡಿಯಿರಿ, ಪೆನ್ನಿನ ತಿದ್ದುಪಡಿ ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಟೈಪ್‌ರೈಟರ್ ರಿಪೇರಿಗೆ ಕೊಡುವ ಮುನ್ನ ನೀವೇ ಮೂರು ನೋಡಿ. ಅಕ್ಷರ ಮೂಡುತ್ತಿಲ್ಲವೇ? ರಿಬ್ಬನ್ ಬಣ್ಣ ಬದಲಿಸುವ ಸನ್ನೆ ಬಿಳಿ ಚುಕ್ಕೆಯ ಮೇಲಿರಬಹುದು, ಅದು ಸೈಕ್ಲೋಸ್ಟೈಲ್ ಸ್ಟೆನ್ಸಿಲ್ ಕತ್ತರಿಸಲು ರಿಬ್ಬನ್ನನ್ನು ಕೆಳಗೇ ನಿಲ್ಲಿಸುವ ಜಾಗ. ಅದಲ್ಲದಿದ್ದರೆ ಅರ್ಧ ಇಂಚಿನ ಹೊಸ ರಿಬ್ಬನ್ ಹಾಕಿ. ಕೀಲಿಗಳು ಮೇಲೆದ್ದು ಅಲ್ಲೇ ನಿಲ್ಲುತ್ತಿವೆಯೇ? ಟೈಪ್ ಬಾರ್‌ಗಳು ಕೂತಿರುವ ಬಾಚಣಿಗೆಯಂಥ ಸೆಗ್ಮೆಂಟಿನ ಸೀಳುಗಳಲ್ಲಿ ಹಳೆಯ ಎಣ್ಣೆ ಧೂಳಿನೊಂದಿಗೆ ಅಂಟಾಗಿದೆ. ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಉಜ್ಜಿ. ಅಲ್ಲಿಗೆ ಮತ್ತೆ ಎಣ್ಣೆ ಬಿಡಬಾರದು, ಆರು ತಿಂಗಳಲ್ಲಿ ಮತ್ತೆ ಅದೇ ಪಾಡು. ಕ್ಯಾರೇಜ್ ಮುಂದೆ ಹೋಗುತ್ತಿಲ್ಲವೇ? ಎಡಭಾಗದ ಸ್ಪ್ರಿಂಗ್ ಡ್ರಮ್ಮಿನಿಂದ ಅದನ್ನು ಎಳೆಯುವ ಪಟ್ಟಿ ಹರಿದಿರುತ್ತದೆ, ಇದನ್ನು ಕಸುಬು ಬಲ್ಲವರೇ ಕಟ್ಟಬೇಕು. ಬಿಚ್ಚಿದರೆ ಸ್ಪ್ರಿಂಗ್ ಚಿಮ್ಮಿ ಕೈ ಕತ್ತರಿಸೀತು. ರೋಲರಿನ ರಬ್ಬರ್ ಕಲ್ಲಾಗಿದ್ದರೆ ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ಟೈಪ್ ಮಾಡಿ. ಕನ್ನಡ ಅಕ್ಷರದ ಅಚ್ಚು ಒಂದು ಬಾರ್‌ನಿಂದ ಕಳಚಿಬಿದ್ದಿದ್ದರೆ ಮಾತ್ರ ಅದೇ ಬಗೆಯ ಇನ್ನೊಂದು ಹಳೆಯ ಯಂತ್ರದಿಂದಲೇ ಅದು ಸಿಗಬೇಕು. ಗೋದ್ರೇಜ್ ಕಂಪನಿಯೂ 2009ರಲ್ಲಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿತು. ರಿಪೇರಿ ಮಾಡಿಸಿ, ಖಂಡಿತ ಮಾಡಿಸಿ. ಆದರೆ ಪುಸ್ತಕದ ಕೆಲಸಕ್ಕಲ್ಲ. ತಂದೆಯವರ ಪ್ರತಿಗಳಲ್ಲಿ ಮಸುಕಾದ ಗುರುತು ಯಾವುದೆಂದು ಅನುಮಾನ ಬಂದಾಗ ಅದೇ ಕೀಲಿ ಒತ್ತಿ ನೋಡಬಹುದು.

ಅವರಿಗೆ ಕಂಪ್ಯೂಟರ್ ಕಲಿಸಬೇಕೇ ಎಂದು ಕೇಳಿದ್ದೀರಿ. ಕೇಳಿದರೆ ಕಲಿಸಿ, ಒತ್ತಾಯ ಬೇಡ. ಕಲಿಯುವುದಾದರೆ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸವೇ ಮೇಲು. ಕೆ.ಪಿ. ರಾವ್ ಅವರು ತುಂಡುಗಳನ್ನು ಬಿಟ್ಟು ವರ್ಣಮಾಲೆಯನ್ನೇ ಇಂಗ್ಲಿಷಿನ 26 ಅಕ್ಷರದ ಕೀಲಿಗಳ ಮೇಲೆ ಕೂರಿಸಿದರು. ಶಿಫ್ಟ್ ಒತ್ತಿದರೆ ‘ಕ’ ‘ಖ’ ಆಗುತ್ತದೆ, ಒತ್ತಕ್ಷರಕ್ಕೆ ‘ಎಫ್’ ಕೀಲಿ. ‘ಕನ್ನಡ’ಕ್ಕೆ ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯು. ಇಂಗ್ಲಿಷ್ ಕಾಗುಣಿತದಂತೆ ಟೈಪಿಸುವ ಬರಹದ ವಿಧಾನದಲ್ಲಿ ಅದೇ ಪದಕ್ಕೆ ಏಳು. ಫೋನಿನಲ್ಲಿ ಹೇಳಿ ಬರೆಸುವ ಸೌಕರ್ಯವೂ ಇದೆ. ಪ್ರಬಂಧಕ್ಕೆ ನಡೆದೀತು, ಕತೆಗೆ ಎಚ್ಚರ ಬೇಕು. ಪಾತ್ರದ ಆಡುಮಾತನ್ನು ಅದು ಪುಸ್ತಕದ ಮಾತಿಗೆ ತಿರುಗಿಸಿಬಿಡುತ್ತದೆ, ವಿರಾಮಚಿಹ್ನೆಯನ್ನು ತಾನಾಗಿ ಹಾಕುತ್ತದೆಂದು ನಂಬುವಂತಿಲ್ಲ. ಪೆನ್ನಿನಲ್ಲೇ ಬರೆಯುತ್ತಾರಾದರೆ ಗೆರೆಯಿರುವ 80 ಜಿಎಸ್‌ಎಂ ಹಾಳೆ ಕೊಡಿ, ಎಡಕ್ಕೆ ನಾಲ್ಕು ಸೆಂಟಿಮೀಟರ್ ಅಂಚು ಬಿಡಲು ಹೇಳಿ, ಪ್ರತಿ ಹಾಳೆಗೂ ತಾರೀಕು ಹಾಕಲಿ. ವಾರ ಕಳೆಯುವುದರೊಳಗೆ ನೀವು ಟೈಪ್ ಮಾಡಿ ತೋರಿಸಿ.

ಕೊನೆಯ ಕೆಲಸ ತಾಳೆ ನೋಡುವುದು. ಇದಕ್ಕೆ ಇಬ್ಬರು ಕೂರಬೇಕು. ತಂದೆಯವರು ಕೈಬರಹ ಹಿಡಿದು ಗಟ್ಟಿಯಾಗಿ ಓದಲಿ, ನೀವು ಪ್ರಿಂಟ್ ಹಿಡಿದು ಗುರುತು ಹಾಕಿ. ಟೈಪ್ ಪ್ರತಿ ಮಾಡಿದ್ದು ಬೇರೆಯವರಾದರೆ ಅವರು ತಂದೆಯವರ ಮಾತನ್ನು ಅಲ್ಲಲ್ಲಿ ‘ಸರಿ’ ಮಾಡಿರುವ ಸಂಭವವಿದೆ. ‘ಅವ್ನು’ ಎಂದದ್ದು ‘ಅವನು’ ಆಗಿರುತ್ತದೆ, ಅದರ ಮೇಲೆ ಡಿಟಿಪಿಯವರು ಇನ್ನೊಂದು ಸುತ್ತು ತಿದ್ದಿರುತ್ತಾರೆ. ಮೂರೂ ಪ್ರತಿ ಇರುವ ಕತೆಯಲ್ಲಿ ಹೀಗೆ ಬೇರೆಯಾದ ಜಾಗ ಬಂದಾಗಲೆಲ್ಲ ನಿಲ್ಲಿಸಿ, ಯಾವುದು ಅವರದು ಎಂದು ಅವರನ್ನೇ ಕೇಳಿ, ಉತ್ತರವನ್ನು ಅಂಚಿನಲ್ಲಿ ಅವರ ಕೈಯಲ್ಲೇ ಬರೆಸಿಕೊಳ್ಳಿ.